ಲೀಯಾಳ ನಾಡಿ

“ಲೀಯಾ ಹೋಗಿಬಿಟ್ಳು ಕೋಲೀನಜ್ಜ,” ಎಂದಳು ಪಶುವೈದ್ಯೆ ಸೋರ್ಖಾ, ಹೆಣ್ಣುಕುದುರೆಯ ಎದೆಯಿಂದ ಕಿವಿ ತೆಗೆದು.

“ಏನ್ ಹೋಗೋದು? ನನ್ನ ಹೆಬ್ಬೆರಳ ಕೆಳಗೆ ನಾಡಿ ಕುಣೀತಾ ಇದೆ!” ಕೋಲೀನ್ ಲೀಯಾಳ ದವಡೆಯಡಿಯಿಂದ ಕೈ ತೆಗೆಯಲಿಲ್ಲ. ಬೆಳಿಗ್ಗೆ ಅದು ಮರಿ ಹಾಕಿ ಮಲಗಿದಾಗಿನಿಂದ ಕೈ ಅಲ್ಲೇ ಇತ್ತು. ಫೋನಿನಲ್ಲಿ ಸೋರ್ಖಾ, “ನಾಡಿ ಹೇಗಿದೆ? ಸೋತಿದ್ರೆ ಈಗ್ಲೇ ಹೊರಡ್ತೀನಿ,” ಎಂದಾಗಲೂ ಅಲ್ಲೇ ಒತ್ತಿ ನೋಡಿ, “ಡೋಲು ಬಡಿದ ಹಾಗಿದೆ. ಅಲ್ಲಿ ಹಸು ನೋಡೋದು ಮುಗಿಸ್ಕೊಂಡೇ ಬಾರಮ್ಮ,” ಎಂದಿದ್ದ. ಹೆಂಡತಿ ನಾಪ್ಲಾ, “ಒಸಡು ಬಿಳಿಚ್ಕೊಂಡಿದೆ ಕಣ್ರೀ, ಈಗ್ಲೇ ಬರೋಕೆ ಹೇಳಿ,” ಎಂದು ಗೋಗರೆದಿದ್ದಳು. “ನಲವತ್ತು ವರ್ಷದಿಂದ ಈ ಕೊನ್ನಮಾರಾ ಸೀಮೆಯ ಕುದುರೆಗಳ ನಾಡಿ ಹಿಡಿದಿರೋನು ನಾನೋ ನೀನೋ?” ಎಂದು ಅವಳ ಬಾಯಿ ಮುಚ್ಚಿಸಿದ್ದ.

ಸೋರ್ಖಾ ಅವನ ಪಕ್ಕದಲ್ಲಿ ಮಂಡಿಯೂರಿದಳು. “ಒಳಗೊಳಗೇ ರಕ್ತ ಸೋರಿದೆ. ಒಂದು ಗಂಟೆ ಮುಂಚೆ ಬಂದಿದ್ರೆ...” ಅವನ ಕೈಯನ್ನೇ ನೋಡಿದಳು. “ನಾಡೀನ ಹೆಬ್ಬೆರಳಲ್ಲಿ ನೋಡಬಾರ್ದು ಅಜ್ಜ. ಅದ್ರಲ್ಲೂ ರಕ್ತನಾಳ ಇರುತ್ತೆ. ಬಡಿಯೋದು ನಮ್ದೇ ಆದ್ರೂ ಕುದುರೇದು ಅನ್ಸುತ್ತೆ.”

ಮರಿ ನಡುಗುವ ಕಾಲುಗಳ ಮೇಲೆ ನಿಂತು ತಾಯಿಯ ಹೊಟ್ಟೆಗೆ ಮೂತಿಯಿಂದ ತಿವಿಯುತ್ತಿತ್ತು. ನಾಪ್ಲಾ ಮರಿಗೆ ಹಾಲು ಕಾಯಿಸಲು ಒಳಗೆ ಹೋದಳು. ಕೋಲೀನ್ ಹೆಬ್ಬೆರಳನ್ನು ಮೆಲ್ಲಗೆ ತೆಗೆದು ಲಾಯದ ಗೋಡೆಗೆ ಒತ್ತಿದ. ತಣ್ಣನೆಯ ಕಲ್ಲು ಡೋಲು ಬಡಿದ ಹಾಗೆ ಬಡಿಯತೊಡಗಿತು.