ಘಟ್ಟದ ಗಾಳಿ ನಿಂತ ಮೇಲೆ

ಧನರಾಜ್ ಸಿಕ್ಕಿಬಿದ್ದದ್ದು ಉರಿಯುವ ತೆಂಗಿನಗರಿಯ ಸೂಟೆಯ ಸಮೇತ.

ಲೋಕಯ್ಯನ ರಬ್ಬರ್ ತೋಟದ ಪಡುವಣ ಅಂಚಿನಲ್ಲಿ, ಎದೆಯೆತ್ತರ ಒಣಗಿ ನಿಂತ ಮುಳಿಹುಲ್ಲಿಗೆ ಅವನು ಬಗ್ಗಿ ಬಗ್ಗಿ ಬೆಂಕಿ ಮುಟ್ಟಿಸುತ್ತಿದ್ದ. ಬೆಳ್ತಂಗಡಿಗೆ ಹೊರಟ ಲೋಕಯ್ಯನಿಗೆ ವಾಮದಪದವಿನಲ್ಲಿ ಬಸ್ಸು ತಪ್ಪಿರದಿದ್ದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಜಿತೇಶನ ರಿಕ್ಷಾದಲ್ಲಿ ಮನೆಗೆ ಮರಳುವಾಗ ಹೊಗೆ ಕಂಡಿತು. ಇಬ್ಬರೂ ಓಡಿದರು.

"ನಾನಿಲ್ಲದ ಹೊತ್ತು ನೋಡಿ ಬಂದದ್ದಾ?" ಲೋಕಯ್ಯ ಅವನ ಕೊರಳಪಟ್ಟಿ ಹಿಡಿದ. "ನಿನ್ನ ತೋಟ ತೋಡಿನ ಆಚೆ. ಬೆಂಕಿ ನಿನಗೆ ತಾಗುವುದಿಲ್ಲ, ಅಲ್ಲವಾ?"

"ತಾಗುವುದಿಲ್ಲ ಲೋಕಯ್ಯಣ್ಣ. ಇದೊಂದು ಮುಗಿಯಲಿ. ಮತ್ತೆ ಬೇಕಾದರೆ ಹೊಡೆಯಿರಿ."

ಲೋಕಯ್ಯ ಕಾಯಲಿಲ್ಲ. ಹೊಡೆದ.

ತೋಡಿನ ನೀರಿನ ತಕರಾರು ವರ್ಷಗಳಿಂದ ಕೋರ್ಟಿನಲ್ಲಿತ್ತು. ಎರಡು ಮನೆಗಳ ನಡುವೆ ಮದುವೆಗೂ ಕರೆಯಿರಲಿಲ್ಲ, ಸಾವಿಗೂ ಇರಲಿಲ್ಲ. ರಬ್ಬರ್ ಎಲೆ ಉದುರಿಸುವ ಈ ಮಾಘದಲ್ಲಿ, ಪಾದ ಮುಳುಗುವಷ್ಟು ತರಗೆಲೆ ಬಿದ್ದಿರುವ ತೋಟದ ಬದಿಗೆ ಸೂಟೆ ಹಿಡಿದು ಬಂದವನ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಲೋಕಯ್ಯನ ಹೆಂಡತಿ ಸೇಸಮ್ಮ ಕೊಡಪಾನ ಹಿಡಿದು ಅಲ್ಲೇ ನಿಂತಿದ್ದಳು. ಹೊಗೆ ಕಂಡು ಗಂಡನಿಗಿಂತ ಮೊದಲೇ ಓಡಿ ಬಂದಿರಬೇಕು.

"ಗಾಳಿ ಘಟ್ಟದ ಕಡೆಯಿಂದ ಉಂಟು. ಬೆಂಕಿ ಆಚೆಗೇ ಹೋಗ್ತದೆ," ಎಂದಳು ಮೆಲ್ಲಗೆ.

"ನಿನಗೆ ಎಂತ ಗೊತ್ತು? ನೀರು ಹೊಯ್ಯಿ."

ಅವಳು ಹೊಯ್ದಳು. ಲೋಕಯ್ಯ, ಜಿತೇಶ ಮರದ ಹಸಿ ಗೆಲ್ಲು ಮುರಿದು ಬೆಂಕಿ ಬಡಿದು ಆರಿಸಿದರು. ಧನರಾಜ್ ಒಮ್ಮೆ ಸೇಸಮ್ಮನ ಮುಖ ನೋಡಿದ. ಅವಳು ನೆಲ ನೋಡಿದಳು. ಅರ್ಧ ಅಂಚು ಕಪ್ಪಾಗಿತ್ತು. ಉಳಿದರ್ಧ ಮುಳಿ ಹಾಗೆಯೇ ಉಳಿಯಿತು. ಲೋಕಯ್ಯನಿಗೆ ಗೆದ್ದಷ್ಟು ಸಮಾಧಾನ.

ಲೋಕಯ್ಯ ಕರೆಸಿದ ಪೊಲೀಸರು ಏನು ಕೇಳಿದರೂ ಧನರಾಜ್ ತುಟಿ ಬಿಚ್ಚಲಿಲ್ಲ. ಜೀಪಿಗೆ ಹತ್ತಿಸಿಕೊಂಡು ಹೋದರು.

ಮುಳಿಯ ಅಂಚಿನಿಂದಾಚೆ, ಪದವಿನ ಹುಲ್ಲುಬಯಲಿನಲ್ಲಿ ಎರಡು ದಿನದಿಂದ ಬೆಂಕಿ ಹೊಗೆಯಾಡುತ್ತಲೇ ಇತ್ತು. ಘಟ್ಟದ ಒಣಗಾಳಿ ಅದನ್ನು ಪಡುವಣಕ್ಕೆ ದೂಡುತ್ತಿದ್ದುದರಿಂದ ಲೋಕಯ್ಯ ತಲೆ ಕೆಡಿಸಿಕೊಂಡಿರಲಿಲ್ಲ. ಹೆಂಡತಿ ಭಯ ಹೇಳಿಕೊಂಡಾಗಲೂ ನಕ್ಕಿದ್ದ. ಮಧ್ಯಾಹ್ನ ಆ ಗಾಳಿ ನಿಂತಿತು. ಎಲೆ ಅಲುಗಲಿಲ್ಲ. ಪಡುವಣದಲ್ಲಿ ಕಪ್ಪು ಮೋಡ ಎದ್ದಿತು.

"ಮಳೆ ಬರ್ತದೆ ಮಾರಾಯ್ರೆ," ಎಂದ ಜಿತೇಶ.

ಮಳೆ ಬರಲಿಲ್ಲ. ಮೋಡದ ಮುಂದೆ ಗಾಳಿ ಬಂತು, ಈ ಬಾರಿ ಕಡಲಿನ ಕಡೆಯಿಂದ. ಪದವಿನ ಬೆಂಕಿ ಮಗ್ಗುಲು ತಿರುಗಿಸಿ ಮುಳಿಯ ಮೇಲೆ ಓಡಿಬಂತು. ಬೆಳಿಗ್ಗೆ ಸುಟ್ಟು ಕಪ್ಪಾಗಿದ್ದ ಕಡೆ ತಿನ್ನಲು ಏನೂ ಸಿಗದೆ ಅಲ್ಲೇ ಸತ್ತಿತು. ಬಡಿದು ಆರಿಸಿದ್ದ ಕಡೆಯಿಂದ ತೋಟದೊಳಗೆ ನುಗ್ಗಿತು. ಈ ವರ್ಷವಷ್ಟೇ ಹಾಲು ತೆಗೆಯುವ ಟ್ಯಾಪಿಂಗಿಗೆ ಬಂದಿದ್ದ ಮರಗಳು ಬುಡದಿಂದ ಬೆಂದವು. ಬಂಟ್ವಾಳದಿಂದ ಅಗ್ನಿಶಾಮಕದವರು ಬರುವಷ್ಟರಲ್ಲಿ ದನದ ಹಟ್ಟಿಯೂ ಉಳಿದಿರಲಿಲ್ಲ. ದನವನ್ನು ಮಾತ್ರ ಸೇಸಮ್ಮ ಬೆಳಿಗ್ಗೆಯೇ ಬಿಚ್ಚಿ ತೋಡಿನ ಬದಿಯಲ್ಲಿ ಕಟ್ಟಿದ್ದಳು.

"ಅಂಚಿನ ಆ ಮುಳಿಯ ಪಟ್ಟಿ ಮೊದಲೇ ಪೂರ್ತಿ ಸುಟ್ಟಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ," ಎಂದ ಅಗ್ನಿಶಾಮಕದವರಲ್ಲಿ ಒಬ್ಬ. "ಗಾಳಿ ನೋಡಿಯೇ ಬೆಂಕಿ ಕೊಟ್ಟಿದ್ದಾರೆ. ಅರ್ಧಕ್ಕೆ ಯಾಕೆ ಬಿಟ್ಟರು?"

ಅವರು ಹೋದ ಮೇಲೂ ಲೋಕಯ್ಯ ಬಿಸಿ ಬೂದಿಯ ಬದಿಯಲ್ಲಿ ಕೂತೇ ಇದ್ದ. ಸಂಜೆಯಾಯಿತು.

"ಅವನಿಗೆ ನನ್ನ ತೋಟದ ಮೇಲೆ ಎಂತ ಪ್ರೀತಿ?" ಎಂದ ಕಡೆಗೆ. "ನನ್ನದು ಉಳಿದರೆ ಅವನಿಗೇನು?"

"ಏನೂ ಇಲ್ಲ," ಎಂದಳು ಸೇಸಮ್ಮ. "ಕೈಮುಗಿದು ಕರೆಸಿದ್ದು ನಾನು, ನನ್ನ ಹೆಸರು ಎತ್ತಬೇಡ ಅಂತ ಆಣೆ ಹಾಕಿಸಿದ್ದೂ ನಾನೇ; ಅವನು ಇನ್ನೂ ಹೇಳಲಿಲ್ಲ."