ಇಬ್ಬರ ಚೌತಿ

ಚೌತಿಯ ದಿನ ಬೆಳಗಾಗುವಷ್ಟರಲ್ಲಿ ಹೊನ್ನಾವರದ ಆ ಆಸ್ಪತ್ರೆಯ ಹೆಂಗಸರ ವಾರ್ಡು ಖಾಲಿಯಾಗಿತ್ತು. ಎದ್ದು ನಿಲ್ಲಲು ಬರುವವರೆಲ್ಲ ಡಾಕ್ಟರರನ್ನು ಒಪ್ಪಿಸಿ ಹಬ್ಬಕ್ಕೆಂದು ಮನೆಗೆ ಹೋಗಿದ್ದರು. ಉಳಿದವಳು ಮಾದೇವಿ ಒಬ್ಬಳೇ. ಅವಳ ಗಂಡ ಮಾಬ್ಲೇಶ್ವರ ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತು ಅವಳ ತಲೆ ಬಾಚುತ್ತಿದ್ದ. ಬಾಚಣಿಗೆಗೆ ಬಂದ ಕೂದಲನ್ನು ಅವಳಿಗೆ ಕಾಣದಂತೆ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ.

"ನೀವು ಮನೆಗೆ ಹೋಗಿ," ಎಂದಳು ಮಾದೇವಿ. "ಗಣಪತಿ ಕೂರ್ಸೂ ಹೊತ್ತಿಗೆ ಯಜಮಾನ ಇಲ್ದಿದ್ರೆ ಎಂತ ಚಂದ?"

"ಇಷ್ಟು ವರ್ಷ ನಾನಿಲ್ದೇನೇ ಕೂತ್ಕಂಡಿದ್ದ. ಈ ವರ್ಷನೂ ಕೂತ್ಕಳ್ತ."

ಮಾತು ನಿಜವೇ. ಮಾಬ್ಲೇಶ್ವರ ಮುಂಬೈ ಬಸ್ಸಿನ ಡ್ರೈವರ್. ಹಬ್ಬಕ್ಕೆ ಊರಿಗೆ ಬರುವ ಮುಂಬೈಯವರನ್ನೆಲ್ಲ ಕುಮಟೆ, ಹೊನ್ನಾವರ, ಭಟ್ಕಳಗಳಲ್ಲಿ ಮಕ್ಕಳುಮರಿ, ಗಂಟುಮೂಟೆ ಸಮೇತ ಇಳಿಸಿ, ಖಾಲಿ ಬಸ್ಸನ್ನು ಮತ್ತೆ ಮುಂಬೈಗೆ ಒಯ್ಯುವುದು ಅವನ ಚೌತಿ. ಅವನು ಹೊಳನಗದ್ದೆಯ ಮನೆಗೆ ಬರುವ ಹೊತ್ತಿಗೆ ಗಣಪತಿಯನ್ನು ಮುಳುಗಿಸಿ ಆಗಿರುತ್ತಿತ್ತು. ಮದುವೆಯಾದ ಮೇಲೆ ಗಂಡಹೆಂಡತಿ ಚೌತಿಯ ದಿನ ಒಂದೆಡೆ ಇದ್ದದ್ದೇ ಇಲ್ಲ. ಈ ಸಲ ಕೇಳುವ ಮೊದಲೇ ರಜೆ ಸಿಕ್ಕಿತ್ತು. ಮಾದೇವಿಯ ರಕ್ತದ ಕಾಯಿಲೆಯ ವಿಷಯ ಡಿಪೋದಲ್ಲಿ ಎಲ್ಲರಿಗೂ ಗೊತ್ತಿತ್ತು. ಮಂಗಳೂರಿನ ದೊಡ್ಡ ಡಾಕ್ಟರು, ಇನ್ನು ಊರ ಹತ್ತಿರವೇ ಇರಲಿ ಎಂದು ಕಳಿಸಿಕೊಟ್ಟಿದ್ದರು. ಇಲ್ಲಿಯ ಡಾಕ್ಟರು ನಿನ್ನೆ ಅವನನ್ನು ಜಗಲಿಗೆ ಕರೆದು, ಈ ಹಬ್ಬ ಕಳೆಯಲಿ, ಮುಂದಿನದರ ಮಾತು ಬೇಡ ಎಂದಿದ್ದರು. ಒಳಗೆ ಬಂದವನು ಹೆಂಡತಿಗೆ, ಔಷಧ ಹಿಡಿಯುತ್ತಿದೆಯಂತೆ ಎಂದು ಹೇಳಿದ್ದ.

ಮಧ್ಯಾಹ್ನ, ಮನೆಯಲ್ಲಿ ಹಬ್ಬ ನೋಡಿಕೊಳ್ಳುತ್ತಿದ್ದ ಮಗಳು ಸುಪ್ರಿಯಾ ಬಸ್ಸಿನಲ್ಲಿ ಡಬ್ಬಿ ಕಳಿಸಿದಳು. ಪಂಚಕಜ್ಜಾಯ, ಚಕ್ಕುಲಿ. ಮಾದೇವಿಗೆ ಗಂಜಿ ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ಒಂದು ಚಕ್ಕುಲಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ಎಳ್ಳು ಕಡಿಮೆಯಾಯಿತು ಎಂದಳು. ಆಮೇಲೆ ಅದನ್ನು ಅವನ ಕೈಗೆ ಕೊಟ್ಟಳು.

"ಗಟ್ಟಿಯಾಗಿ ಕಡೀರಿ. ಸದ್ದು ಕೇಳ್ಲಿ."

ಅವನು ಕಡಿದ. ಖಾಲಿ ವಾರ್ಡಿನಲ್ಲಿ ಆ ಸದ್ದು ದೊಡ್ಡದಾಗಿ ಕೇಳಿಸಿತು. ಮಾದೇವಿ ನಕ್ಕಳು. ಪ್ರತಿವರ್ಷ ಅವಳು ಅವನ ಪಾಲಿನದನ್ನು ಬೇರೆ ಡಬ್ಬಿಯಲ್ಲಿ ತೆಗೆದಿಡುತ್ತಿದ್ದಳು. ಎಷ್ಟೇ ಬಿಗಿಯಾಗಿ ಮುಚ್ಚಿಟ್ಟರೂ ಅವನು ಬರುವಷ್ಟರಲ್ಲಿ ಅದು ಮೆತ್ತಗಾಗಿರುತ್ತಿತ್ತು. ಅವನು ಅದನ್ನೇ ಚೆನ್ನಾಗಿದೆ ಎಂದು ತಿನ್ನುತ್ತಿದ್ದ.

ದೇವರ ಮೇಲೆ ಹಣ್ಣುಕಾಯಿಗಳ ಫಲಾವಳಿ ಹೇಗೆ ಕಟ್ಟುತ್ತಿದ್ದೆ ಎಂದು ಅವನು ಕೇಳಿದ. ಮಾದೇವಿ ಸೂಜಿ ಚುಚ್ಚಿದ್ದ ಕೈಯನ್ನು ಹಾಗೇ ಬಿಟ್ಟು ಇನ್ನೊಂದು ಕೈಯಿಂದ ಗಾಳಿಯಲ್ಲಿ ತೋರಿಸಿದಳು. ಮೊಗೆಕಾಯಿ ನಡುವಿಗೆ, ಅಡಿಕೆಗೊನೆ ಎರಡು ಬದಿಗೆ, ಮಾವಿನ ಸೊಪ್ಪು ಸುತ್ತಲೂ. ಅಷ್ಟು ಹೇಳುವುದರಲ್ಲಿ ಅವಳಿಗೆ ದಣಿವಾಯಿತು. ಕೇಳುತ್ತ ಕೇಳುತ್ತ, ರಾತ್ರಿಯಿಡೀ ಎಚ್ಚರವಿದ್ದ ಮಾಬ್ಲೇಶ್ವರನಿಗೆ ಕುಳಿತಲ್ಲೇ ಜೊಂಪು ಹತ್ತಿತು. ಎಚ್ಚರಾದಾಗ ಅವಳು ಅವನನ್ನೇ ನೋಡುತ್ತಿದ್ದಳು.

"ಮನೇಲಿದ್ದಾಗೂ ನೀವು ಹೀಗೇ," ಎಂದಳು. "ಡ್ಯೂಟಿ ಮುಗ್ಸಿ ಬಂದು ಹಗಲಿಡೀ ನಿದ್ದೆ. ಪಾತ್ರೆ ಸದ್ದಾಗದ ಹಾಗೆ ಓಡಾಡ್ತಿದ್ದೆ. ಹತ್ರ ಬಂದು ಕೂತ್ಕಂಡು, ಎಬ್ಸುವಾ ಅಂತ ಕಾಣ್ತಿತ್ತು. ಮತ್ತೆ ಪಾಪ ಅಂತ ಬಿಡ್ತಿದ್ದೆ."

"ಎಬ್ಸೂಕಾಗಿತ್ತು."

"ಎಬ್ಸಿ ಎಂತ ಹೇಳೂದು? ಹೇಳೂಕೆ ಎಂತದೂ ಇರ್ತಿರ್ಲಿಲ್ಲ. ಸುಮ್ನೆ."

ಅವನು ಹೊದಿಕೆಯ ಹೊರಗೆ ಬಂದಿದ್ದ ಅವಳ ಪಾದವನ್ನು ಅಂಗೈಯಲ್ಲಿ ಹಿಡಿದ. ತಣ್ಣಗಿತ್ತು. ಬಿಸಿಯಾಗುವವರೆಗೂ ಹಿಡಿದೇ ಕುಳಿತ.

ಸಂಜೆ ಪೇಟೆಯ ಕಡೆಯಿಂದ ಜಾಗಟೆಯ ಸದ್ದು ಕೇಳತೊಡಗಿತು. ಎಲ್ಲೋ ಪಟಾಕಿ ಹಾರಿಸಿದರು. ನರ್ಸ್ ಮಾಲಿನಿ ದೀಪ ಹಾಕುತ್ತ ಬಂದು, ಪಡುವಣ ಗೋಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಮಳೆ ಬಿಟ್ಟಿದೆ, ಚಂದ್ರ ಕಾಣುತ್ತಾನೆ, ಚೌತಿಯ ದಿನ ಯಾರ ಕಣ್ಣಿಗೂ ಬೀಳುವುದು ಬೇಡ ಎಂದಳು. ಅವಳು ಆಚೆ ಹೋದ ಮೇಲೆ ಮಾದೇವಿ ತಲೆದಿಂಬಿನಿಂದ ಕತ್ತೆತ್ತಿ, ಆ ಕಿಟಕಿಯೊಂದನ್ನು ತೆರೆಯಿರಿ ಎಂದಳು.

ಮಾಬ್ಲೇಶ್ವರ ಅವಳ ಮುಖ ನೋಡಿದ. ಎದ್ದು ಹೋಗಿ ಚಿಲಕ ಸರಿಸಿದ. ಒಂದು ಬಾಗಿಲನ್ನಷ್ಟೇ ಅರೆತೆರೆದು, ತಾನು ಕಿಟಕಿಗೆ ಬೆನ್ನು ಮಾಡಿ ನಿಂತ. ಒದ್ದೆ ತೆಂಗಿನಗರಿಗಳ ಮೇಲೆ, ಕಡಲ ಕಡೆಯ ಆಕಾಶದಲ್ಲಿ, ಉಗುರಿನಷ್ಟು ತೆಳ್ಳಗೆ ಚಂದ್ರನಿದ್ದ. ಮಾದೇವಿ ಕಣ್ಣು ಮಿಟುಕಿಸದೆ ನೋಡಿದಳು.

"ನೋಡಿದವರ ಮೇಲೆ ಅಪವಾದ ಬತ್ತದೆ ಅಂತ್ರು," ಎಂದ ಅವನು ಮೆಲ್ಲಗೆ.

"ಬರ್ಲಿ. ಅದು ಬರೂವರೆಗಾದ್ರೂ ನಾನಿರ್ಬೇಕಲ."

ಮಾಬ್ಲೇಶ್ವರ ಚಂದ್ರನ ಕಡೆಗೆ ತಿರುಗಿ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದ.