ಕೊನೆಯ ಕೊಡ

ಮೊದಲ ಕೊಡ ತುಂಬಿತು, ಫೋಟೋ ತೆಗೆದದ್ದಾಯಿತು, ಟ್ಯಾಂಕರಿನ ಪೈಪು ಬಂದ್ ಆಯಿತು.

"ಈಗ ಆ ಪೋಸ್ಟ್ ತಗದುಬಿಡ್ರಿ ಮೇಡಂ. ಬಾಕಿ ಕೊಡಾ ಆಮ್ಯಾಲೆ," ಎಂದ ವೈಜನಾಥ. ನೀರಿನ ಟ್ಯಾಂಕರುಗಳ ಉಸ್ತುವಾರಿ ಅವನದು. ದಿಲ್‌ಸುಖ್‌ನಗರದ ಈ ಓಣಿಯವರು ನೀರಿಲ್ಲವೆಂದು ಅರ್ಜಿ ಹಿಡಿದು ಹೋದಾಗ ತಲೆಯೆತ್ತಿಯೂ ನೋಡದ ಮಹಾಶಯ, ಮಧುರಾ ಒಣಗಿದ ನಲ್ಲಿಯ ಫೋಟೋ ಹಾಕಿ ಮಂತ್ರಿಗಳನ್ನು ಟ್ಯಾಗ್ ಮಾಡಿದ್ದೇ ತಡ, ಬೆಳಿಗ್ಗೆ ತಾನೇ ಟ್ಯಾಂಕರ್ ಹತ್ತಿ ಬಂದಿದ್ದ.

ಮಧುರಾ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಮಾದಾಪುರದ ಆಫೀಸಿಗೆ ಹೊರಟು ನಿಂತಿದ್ದಳು. "ಎಲ್ಲಾರ ಕೊಡಾ ತುಂಬಲಿ, ತಗೀತೀನ್ರಿ."

"ಮ್ಯಾಲಿನವರು ಫೋನ್ ಮ್ಯಾಲೆ ಫೋನ್ ಮಾಡಾಕತ್ತಾರ. ನಾನೂ ಬೀದರ ಕಡಿಯವ, ನಿಮ್ಮವನ. ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ. ಇಲ್ಲಂದ್ರ ಗಾಡಿ ತಿರುಗಸ್ತೀನಿ ನೋಡ್ರಿ."

ಊರಿನ ನೆಂಟಸ್ತಿಕೆ, ಬೆದರಿಕೆ ಎರಡೂ ಒಂದೇ ಉಸಿರಿನಲ್ಲಿ ಬಂದವು. ಸಾಲಿನ ಕೊನೆಯಲ್ಲಿ ನಿಂತಿದ್ದ ಪಕ್ಕದ ಮನೆಯ ಯಂಕಮ್ಮ ಗಾಬರಿಯಾದಳು. "ತಗದುಬಿಡ ನಮ್ಮವ್ವ. ಮನ್ಯಾಗ ಮಗಳು ಬಾಣಂತಿ ಅದಾಳ, ಕೂಸಿನ ಬಟ್ಟಿ ತೊಳಿಯಾಕೂ ನೀರಿಲ್ಲ."

ಮಧುರಾಳ ಬೆರಳು ಡಿಲೀಟ್ ತನಕ ಹೋಯಿತು ಕೂಡ. ಆದರೆ ಹೋದ ಬೇಸಿಗೆಯಲ್ಲಿ ಇದೇ ವೈಜನಾಥನ ಮಾತು ನಂಬಿ ಪೋಸ್ಟ್ ಅಳಿಸಿದ್ದಳು. ಅಳಿಸಿದ ಮರುಗಳಿಗೆಯೇ ಟ್ಯಾಂಕರು ಪರಾರಿ. ಮರುದಿನ ಅವನ ಕಚೇರಿಯ ಪುಟದಲ್ಲಿ ತುಂಬಿದ ಕೊಡದ ಫೋಟೋ, ಅದಕ್ಕೆ ರಾಶಿ ರಾಶಿ ಲೈಕು. ಅಂದು ಓಣಿಯವರೆಲ್ಲ ತನ್ನ ಮುಖ ನೋಡಿದ ರೀತಿಯನ್ನು ಅವಳು ಮರೆತಿರಲಿಲ್ಲ. ಮೋಸ ಹೋಗುವುದಕ್ಕೂ ಒಂದು ಮಿತಿ ಬೇಡವೇ!

ಆಫೀಸಿನ ಕ್ಯಾಬು ಓಣಿಯ ತುದಿಯಲ್ಲಿ ಹಾರ್ನ್ ಹೊಡೆಯಿತು. ಅವಳು ಕೈಯಾಡಿಸಿ ಅದನ್ನು ಕಳಿಸಿಬಿಟ್ಟಳು. ಆಮೇಲೆ ಫೋನಿನಲ್ಲಿ ಏನೋ ಒತ್ತಿದಳು.

"ತಗದ್ರೇನು?" ವೈಜನಾಥ ಆಸೆಯಿಂದ ಕೇಳಿದ.

"ಇಲ್ರಿ. ಲೈವ್ ಹಚ್ಚೀನಿ. ಮಂದಿ ನೋಡಾಕತ್ತಾರ."

ವೈಜನಾಥನ ಮುಖ ಬಿಳಿಚಿಕೊಂಡಿತು. ಆದರೂ ಕೈ ಮಾತ್ರ ತಾನಾಗಿ ತಲೆಗೂದಲು ಸರಿಮಾಡಿತು. "ಬಂದ್ ಮಾಡ್ರಿ ಮೇಡಂ! ಎಷ್ಟೊತ್ತು ಇದು?"

ಮಧುರಾ ಸಾಲಿನುದ್ದಕ್ಕೂ ನಡೆದುಹೋದಳು. ಯಂಕಮ್ಮನ ಖಾಲಿ ಕೊಡದ ಬಾಯಲ್ಲಿ ಫೋನನ್ನು ಟ್ಯಾಂಕರಿನತ್ತ ಮುಖ ಮಾಡಿ ಸಿಕ್ಕಿಸಿ ನಿಲ್ಲಿಸಿದಳು.

"ಈ ಕೊಡದ ಪಾಳಿ ಬಂದಾಗ ತಗೀತೀನ್ರಿ."